ಮೈಗೆ ಮಾತು ಬಂದ ಬಗೆ

ಕಾರವಾರದ ಆ ದೇಹದಾರ್ಢ್ಯ ಸ್ಪರ್ಧೆ ಮುಗಿಯುವಾಗ ರಾತ್ರಿ ಹನ್ನೊಂದಾಗಿತ್ತು. ಕಡಲ ಕಡೆಯ ಗಾಳಿಗೆ ವೇದಿಕೆಯ ಹಿಂದಿನ ಬ್ಯಾನರು ಪಟಪಟ ಬಡಿದುಕೊಳ್ಳುತ್ತಿತ್ತು. ನಾನು ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ನನ್ನ ಕೈಕೆಳಗೆ ಕಬಡ್ಡಿ ಆಡಿ ಬೆಳೆದ ಹುಡುಗನೊಬ್ಬ ಅಂದು ತನ್ನ ತೂಕದ ವಿಭಾಗದಲ್ಲಿ ಮೊದಲ ಸ್ಥಾನ ಪಡೆದಿದ್ದ. ಬೈತಖೋಲ ಬಂದರಿನ ಕಡೆಯವನು. ಮನೆಯಲ್ಲಿ ಮೀನುಗಾರಿಕೆ, ಮನೆಮಾತು ಕೊಂಕಣಿ. ಮೈಗೆ ಕಂದು ಬಣ್ಣ ಬಳಿದು, ಎಣ್ಣೆ ಸವರಿ, ದೀಪದಡಿ ನಿಂತಾಗ ಎರಕ ಹೊಯ್ದ ವಿಗ್ರಹದಂತಿದ್ದ. ಪದಕ ಹಾಕಿದ ಮೇಲೆ ನಿರೂಪಕರು ಮೈಕನ್ನು ಅವನ ಕೈಗಿತ್ತು, "ಎರಡು ಮಾತಾಡಪ್ಪ" ಎಂದರು. ಅಷ್ಟಗಲದ ಎದೆಯಿಂದ ದನಿ ಹೊರಡಲಿಲ್ಲ. ಮೈಕನ್ನು ಬಾಯಿಗೆ ಹಿಡಿದ, ತೆಗೆದ, ಮತ್ತೆ ಹಿಡಿದ. ಕೊನೆಗೆ ಎಲ್ಲರಿಗೂ ಕೈಮುಗಿದು ಇಳಿದು ಬಂದ.

ವೇದಿಕೆಯ ಹಿಂದೆ ಬಣ್ಣ ಒರೆಸಿಕೊಳ್ಳುತ್ತ ನನ್ನನ್ನು ಕೇಳಿದ: "ಸರ್, ರಾಜ್ಯಮಟ್ಟದಲ್ಲಿ ಗೆದ್ರೆ ಸಿನೆಮಾಕ್ಕೆ ಹೋಗೂಕೆ ಆಗ್ತದಾ? ಅರ್ನಾಲ್ಡ್ ಹೋದದ್ದು ಹಂಗೇ ಅಲ್ವಾ?"

"ಆಗ್ತದೆ ಮಾರಾಯಾ. ಆದ್ರೆ ಆತ ಹೋದ ದಾರಿ ನೀನು ತಿಳ್ಕಂಡಷ್ಟು ನೇರ ಇಲ್ಲ" ಎಂದೆ. ಅವನ ಬಸ್ಸಿಗೆ ಹೊತ್ತಾಗಿತ್ತು, ಮಾತು ಅಲ್ಲಿಗೇ ನಿಂತಿತು.

ಅಂದು ಕೊಡಬೇಕಿದ್ದ ಪೂರ್ತಿ ಉತ್ತರವನ್ನು ಈಗ ಬರೆಯುತ್ತಿದ್ದೇನೆ. ಹೊರಗಿನಿಂದ ನೋಡುವವರಿಗೆ ಇದು ಸಲೀಸಾದ ಲೆಕ್ಕ: ಮೈ ಕಟ್ಟಿದ, ಪದಕ ಗೆದ್ದ, ಸಿನೆಮಾದವರು ಕರೆದರು, ಹೀರೋ ಆದ. ಆದರೆ ದೇಹದಾರ್ಢ್ಯದ ವೇದಿಕೆ ಕಲಿಸುವ ವಿದ್ಯೆಗೂ ಕ್ಯಾಮೆರಾ ಕೇಳುವ ವಿದ್ಯೆಗೂ ಎಷ್ಟೋ ಕಡೆ ಎಣ್ಣೆ ಸೀಗೆಕಾಯಿ ಸಂಬಂಧ. ಅಲ್ಲಿ ನಿಲ್ಲಲು ಕಲಿಸುತ್ತಾರೆ, ಇಲ್ಲಿ ನಡೆ ಎನ್ನುತ್ತಾರೆ. ಅಲ್ಲಿ ಬಾಯಿ ಮುಚ್ಚಿದ್ದರೂ ನಡೆಯುತ್ತದೆ, ಇಲ್ಲಿ ಬಾಯಿ ತೆರೆದಾಗಲೇ ಪರೀಕ್ಷೆ ಶುರು.

ಎತ್ತುವ ಆಟವಲ್ಲ, ತೋರುವ ಆಟ

ನಮ್ಮ ಜಿಲ್ಲೆಯಲ್ಲಿ ಮೈಬಲ ಎಂದೊಡನೆ ಹಳಿಯಾಳದ ಕುಸ್ತಿ ನೆನಪಾಗುತ್ತದೆ. ಕುಸ್ತಿಯಲ್ಲಿ ತೀರ್ಪು ಮಣ್ಣಿನ ಮೇಲೇ ಕಾಣುತ್ತದೆ. ಎದುರಾಳಿಯ ಬೆನ್ನು ನೆಲಕ್ಕೆ ತಾಗಿದರೆ ಮುಗಿಯಿತು. ಭಾರ ಎತ್ತುವ ಸ್ಪರ್ಧೆಯಲ್ಲಿ ಕಬ್ಬಿಣವೇ ತೀರ್ಪುಗಾರ. ದೇಹದಾರ್ಢ್ಯದ ವೇದಿಕೆಯಲ್ಲಿ ಮಾತ್ರ ಯಾರೂ ಏನನ್ನೂ ಎತ್ತುವುದಿಲ್ಲ. ಎತ್ತಿದ್ದೆಲ್ಲ ವರ್ಷಗಟ್ಟಲೆ ಜಿಮ್ಮಿನಲ್ಲೇ ಮುಗಿದಿರುತ್ತದೆ. ವೇದಿಕೆಯ ಮೇಲೆ ಅದರ ಫಲವನ್ನು ತೋರಿಸಬೇಕು, ಅಷ್ಟೆ. ತೀರ್ಪುಗಾರರು ಮುಖ್ಯವಾಗಿ ಮೂರು ಸಂಗತಿ ನೋಡುತ್ತಾರೆ. ಸ್ನಾಯು ಎಷ್ಟು ಬೆಳೆದಿದೆ, ಎಡಕ್ಕೂ ಬಲಕ್ಕೂ ಮೇಲಕ್ಕೂ ಕೆಳಕ್ಕೂ ಹೊಂದಾಣಿಕೆ ಇದೆಯೇ, ಚರ್ಮದಡಿ ಒಂದೊಂದು ಸ್ನಾಯುವೂ ಬೇರೆಬೇರೆಯಾಗಿ ಗೆರೆ ಕೊರೆದಂತೆ ಕಾಣುತ್ತದೆಯೇ. ಈ ಗೆರೆಗಳಿಗೆ ಜಿಮ್ಮಿನ ಹುಡುಗರು 'ಕಟ್ಸ್' ಎನ್ನುತ್ತಾರೆ. ಇದನ್ನೆಲ್ಲ ತೋರಿಸಲು ಡಬಲ್ ಬೈಸೆಪ್ಸ್, ಲ್ಯಾಟ್ ಸ್ಪ್ರೆಡ್, ಸೈಡ್ ಚೆಸ್ಟ್ ಮುಂತಾದ ಕಡ್ಡಾಯ ಭಂಗಿಗಳಿವೆ. ಆಮೇಲೆ ಸಂಗೀತಕ್ಕೆ ಒಂದು ನಿಮಿಷದ ಆಸುಪಾಸಿನ ಸ್ವಂತ ಪ್ರದರ್ಶನ.

ಬರೀ ಗಾತ್ರ ಇದ್ದರೆ ಸಾಲದು ಎಂಬುದನ್ನು ಹುಡುಗ ಹೆಸರೆತ್ತಿದ ಆ ಹಾಲಿವುಡ್ ನಟ ಅರ್ನಾಲ್ಡ್ ಶ್ವಾರ್ಜನೆಗ್ಗರ್ ಸೋತು ಕಲಿತವನು. 1947ರಲ್ಲಿ ಆಸ್ಟ್ರಿಯಾದ ಗ್ರಾಜ್ ಪಟ್ಟಣದ ಹತ್ತಿರ ಥಾಲ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಪೊಲೀಸಪ್ಪನ ಮಗ. 1967ರಲ್ಲಿ, ಇಪ್ಪತ್ತು ವಯಸ್ಸಿಗೇ, ಲಂಡನ್ನಿನಲ್ಲಿ ಮಿಸ್ಟರ್ ಯೂನಿವರ್ಸ್ ಆದ. ಮರುವರ್ಷ ಅಮೆರಿಕಕ್ಕೆ ಬಂದಿಳಿದಾಗ ತನ್ನ ಗಾತ್ರದ ಮುಂದೆ ಯಾರು ನಿಂತಾರು ಎಂಬ ಭರವಸೆ ಇತ್ತು. ಮಯಾಮಿಯ ಸ್ಪರ್ಧೆಯಲ್ಲಿ ತೂಕದಲ್ಲಿ ತನಗಿಂತ ಎಷ್ಟೋ ಕಡಿಮೆಯಿದ್ದ ಫ್ರಾಂಕ್ ಝೇನ್ ಎದುರು ಸೋತ. ಝೇನ್ ಮೈಯಲ್ಲಿ ಗೆರೆಗಳಿದ್ದವು, ಇವನ ಮೈಯಲ್ಲಿ ರಾಶಿ ಇತ್ತು.

ಹೀಗೆ ಸೋತವನು ಮಾಡಿದ ಒಂದು ಕೆಲಸವನ್ನು ನಾನು ಶಾಲೆಯ ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇನೆ. ಅವನ ಮೀನಖಂಡ ತೆಳ್ಳಗಿತ್ತು. ಹೆಚ್ಚಿನವರು ಅಂಥದ್ದನ್ನು ಉದ್ದ ಪ್ಯಾಂಟಿನೊಳಗೆ ಮುಚ್ಚಿಡುತ್ತಾರೆ. ಈತ ವ್ಯಾಯಾಮದ ಪ್ಯಾಂಟುಗಳನ್ನು ಮೊಣಕಾಲಿಗೇ ಕತ್ತರಿಸಿ ಹಾಕಿಕೊಂಡ. ಜಿಮ್ಮಿಗೆ ಬಂದವರೆಲ್ಲ ಆ ಕಾಲನ್ನೇ ನೋಡಲಿ, ಆ ನಾಚಿಕೆಗಾದರೂ ತಾನು ದಿನವೂ ಅದಕ್ಕೆ ಕೆಲಸ ಕೊಡುವಂತಾಗಲಿ ಎಂದು. ಈ ಕತ್ತರಿಯನ್ನು ನೆನಪಿಟ್ಟುಕೊಳ್ಳಿ. ಸಿನೆಮಾದಲ್ಲೂ ಅದು ಅವನ ಕೈಗೆ ಬರುತ್ತದೆ.

ಒಂದು ದಿನದ ಮೈ

ಸ್ನಾಯು ಬೆಳೆಯುವ ಕ್ರಮ ಅಂಥ ಗುಟ್ಟೇನಲ್ಲ. ಮೈಗೆ ಅಭ್ಯಾಸವಿಲ್ಲದಷ್ಟು ಭಾರ ಹೊರಿಸಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಹೋದರೆ ಸ್ನಾಯುವಿನ ಎಳೆಗಳು ದಪ್ಪವಾಗುತ್ತವೆ. ಅದಕ್ಕೆ ಬೇಕಾದ ಸಾಮಗ್ರಿ ಪ್ರೋಟೀನು. ಬೇಕಾದ ಸಮಯ ನಿದ್ರೆ. ದೇಹದ ತೂಕದ ಕಿಲೋಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನು ಸಿಕ್ಕರೆ ಬಹುಪಾಲು ಜನರಿಗೆ ಸಾಕು. 70 ಕಿಲೋ ಹುಡುಗನಿಗೆ 112 ಗ್ರಾಂ. 100 ಗ್ರಾಂ ಬಂಗಡೆಯಲ್ಲೇ ಹತ್ತೊಂಬತ್ತು ಗ್ರಾಂನಷ್ಟು ಇರುತ್ತದೆ. ಎರಡು ಹೊತ್ತು ಮೀನು, ನಾಲ್ಕು ಮೊಟ್ಟೆ, ಅರ್ಧ ಲೀಟರ್ ಹಾಲು, ಅನ್ನದ ಜೊತೆ ಬೇಳೆ ಎಂದರೆ ಲೆಕ್ಕ ಹತ್ತಿರ ಬಂತು. ಕರಾವಳಿಯ ಮನೆಯಲ್ಲಿ ಹುಟ್ಟಿದ ಹುಡುಗರು ಡಬ್ಬಿಯ ಪುಡಿಗೆ ಸಾವಿರಗಟ್ಟಲೆ ಸುರಿಯುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ತೊಡಕು ಇರುವುದು ಸ್ಪರ್ಧೆಯ ದಿನದ ಮೈಯಲ್ಲಿ. ವೇದಿಕೆಯ ಮೇಲೆ ಕಾಣುವ ಆ ಮೈ ಸ್ಪರ್ಧಿಯ ದಿನನಿತ್ಯದ ಮೈ ಅಲ್ಲ. ತಿಂಗಳುಗಟ್ಟಲೆ ಊಟ ಬಿಗಿಹಿಡಿದು ಚರ್ಮದಡಿಯ ಕೊಬ್ಬನ್ನು ಕರಗಿಸಿರುತ್ತಾರೆ. ಕೊನೆಯ ವಾರ ಅನ್ನ ರೊಟ್ಟಿಗಳನ್ನು ಮೊದಲು ಕಡಿಮೆ ಮಾಡಿ, ಆಮೇಲೆ ಒಮ್ಮೆಲೇ ಹೆಚ್ಚಿಸುತ್ತಾರೆ. ಪಿಷ್ಟ ಸ್ನಾಯುವಿನೊಳಗೆ ಗ್ಲೈಕೋಜನ್ ಆಗಿ ಕೂಡಿಕೊಳ್ಳುವಾಗ ಪ್ರತಿ ಗ್ರಾಂ ತನ್ನೊಂದಿಗೆ ಸುಮಾರು 3 ಗ್ರಾಂ ನೀರನ್ನೂ ಒಳಗೆಳೆಯುತ್ತದೆ. ಹಾಗಾಗಿ ಸ್ನಾಯು ಉಬ್ಬುತ್ತದೆ. ಚರ್ಮ ಮಾತ್ರ ಕಾಗದದಂತೆ ತೆಳ್ಳಗೆ ಕಾಣಬೇಕೆಂದು ಕೆಲವರು ನೀರು, ಉಪ್ಪು ಬಿಡುತ್ತಾರೆ. ಇನ್ನೂ ಕೆಲವರು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುತ್ತಾರೆ. ಇದು ಜೀವದ ಜೊತೆ ಆಡುವ ಆಟ. 1992ರಲ್ಲಿ ಮೊಹಮ್ಮದ್ ಬೆನಜಿಝಾ ಎಂಬ ಹೆಸರಾಂತ ಸ್ಪರ್ಧಿ ಹಾಲೆಂಡಿನಲ್ಲಿ ಸ್ಪರ್ಧೆ ಮುಗಿದ ಬೆನ್ನಿಗೇ ತೀರಿಕೊಂಡ. ಮೈಯ ನೀರು ಬತ್ತಿಸಿದ್ದೇ ಅದರ ಮೂಲದಲ್ಲಿತ್ತು. ವೇದಿಕೆಯಲ್ಲಿ ಅತ್ಯಂತ ಬಲಶಾಲಿಯಾಗಿ ಕಾಣುವ ಹೊತ್ತಿಗೇ ಸ್ಪರ್ಧಿ ಒಳಗೆ ಅತ್ಯಂತ ನಿತ್ರಾಣನಾಗಿರುತ್ತಾನೆ. ಅಂದು ನಮ್ಮ ಹುಡುಗ ಮೈಕು ಹಿಡಿದು ನಡುಗಿದ್ದರಲ್ಲಿ ಸಂಕೋಚದಷ್ಟೇ ಹಸಿವು, ಬಾಯಾರಿಕೆಗಳದ್ದೂ ಪಾಲಿತ್ತು.

ಈ ಮೈಯನ್ನು ಸಿನೆಮಾಕ್ಕೆ ತಂದರೆ ಏನಾಗುತ್ತದೆ? ಸ್ಪರ್ಧೆಯ ಮೈ ಒಂದೆರಡು ದಿನ ಉಳಿಯುತ್ತದೆ. ಚಿತ್ರೀಕರಣ ತಿಂಗಳುಗಟ್ಟಲೆ ನಡೆಯುತ್ತದೆ, ಅದೂ ಕಥೆಯ ಕ್ರಮದಲ್ಲಿ ಅಲ್ಲ. ಕೊನೆಯ ಹೊಡೆದಾಟ ಮೊದಲ ವಾರವೇ ತೆಗೆಯಬಹುದು, ಮೊದಲ ದೃಶ್ಯ ಕೊನೆಗೆ. ಬಾಗಿಲ ಹೊರಗೆ ಒಂದು ಗಾತ್ರ, ಒಳಗೆ ಬಂದೊಡನೆ ಇನ್ನೊಂದು ಗಾತ್ರ ಎಂದಾದರೆ ನೋಡುವವರಿಗೆ ಗೊತ್ತಾಗಿಬಿಡುತ್ತದೆ. ಈಗಿನ ನಟರು ಅಂಗಿ ಕಳಚುವ ದೃಶ್ಯಗಳನ್ನೆಲ್ಲ ಒಂದೆರಡು ದಿನಕ್ಕೆ ಒಟ್ಟುಗೂಡಿಸಿ, ಆ ದಿನಕ್ಕೆ ಮೈಯನ್ನು ತಯಾರು ಮಾಡಿಕೊಳ್ಳುವುದು ಇದಕ್ಕೇ. ಶಾಟಿಗೆ ಮೊದಲು ದಂಡ ಹೊಡೆದು ಸ್ನಾಯುಗಳಿಗೆ ರಕ್ತ ತುಂಬಿಸಿಕೊಳ್ಳುತ್ತಾರೆ, ಬೆಳಕನ್ನು ಬದಿಯಿಂದ ಬಿಡುತ್ತಾರೆ. ಗೆರೆಗಳು ನೆರಳಿನಲ್ಲಿ ಮೂಡುತ್ತವೆ. ನೀವು ತೆರೆಯ ಮೇಲೆ ಕಾಣುವುದು ಅರ್ಧ ಮೈ, ಅರ್ಧ ದೀಪ.

ಇನ್ನೊಂದು ತೊಂದರೆ ಗಾತ್ರದ್ದೇ. ಅಗಲ ಭುಜದ ಮೇಲೆ ತಲೆ ಚಿಕ್ಕದಾಗಿ ಕಾಣುತ್ತದೆ. ಪಕ್ಕದಲ್ಲಿ ಸಾಮಾನ್ಯ ಮೈಕಟ್ಟಿನ ನಟ ನಿಂತರೆ ಚೌಕಟ್ಟಿನಲ್ಲಿ ಇಬ್ಬರೂ ಒಂದೇ ಲೋಕದವರೆನಿಸುವುದಿಲ್ಲ. ಇಂಥವನು ಬ್ಯಾಂಕಿನ ಗುಮಾಸ್ತ, ಶಾಲೆಯ ಮಾಸ್ತರ, ಮಗಳ ಮದುವೆಯ ಚಿಂತೆಯಲ್ಲಿರುವ ಅಪ್ಪ ಎಂದರೆ ನಂಬುವುದು ಕಷ್ಟ. ಮೈಯೇ ಮೊದಲು ಕಥೆ ಹೇಳಿಬಿಡುತ್ತದೆ, ಪಾತ್ರಕ್ಕೆ ಬಾಯಿ ತೆರೆಯಲು ಜಾಗ ಉಳಿಯುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕ್ಲೋಸಪ್ಪಿನಲ್ಲಿ ಕಾಣುವುದು ಮುಖ. ಹತ್ತು ವರ್ಷ ಬೆವರು ಸುರಿಸಿ ಕಟ್ಟಿದ ಎದೆ, ಬೆನ್ನು, ತೊಡೆ ಎಲ್ಲ ಆಗ ಚೌಕಟ್ಟಿನ ಹೊರಗೆ.

ಬೇರೆಯವರ ದನಿಯಲ್ಲಿ

ಮೈಕಟ್ಟಿನವರು ಸಿನೆಮಾಕ್ಕೆ ಬಂದದ್ದು ಸಿನೆಮಾದಷ್ಟೇ ಹಳೆಯ ಸಂಗತಿ. ನಾವು ತೋಳಿಲ್ಲದ ಬನಿಯನ್ನಿಗೆ 'ಸ್ಯಾಂಡೋ ಬನಿಯನ್' ಎನ್ನುತ್ತೇವಲ್ಲ, ಆ ಹೆಸರು ಯೂಜಿನ್ ಸ್ಯಾಂಡೋ ಎಂಬ ಜರ್ಮನ್ ಮೂಲದ ಬಲಶಾಲಿಯದು. 1894ರಲ್ಲಿ ಎಡಿಸನ್ನನ ಸ್ಟುಡಿಯೋದಲ್ಲಿ ಅವನ ಭಂಗಿಗಳನ್ನು ಚಿತ್ರೀಕರಿಸಿದರು. ಒಂದು ನಿಮಿಷವೂ ಇಲ್ಲದ ತುಣುಕು, ಮಾತಿನ ಕಾಲ ಇನ್ನೂ ಬಂದಿರಲಿಲ್ಲ. ಮುಂದೆ ಆತ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಇವತ್ತಿಗೂ ದೇಹದಾರ್ಢ್ಯದ ಅತಿ ದೊಡ್ಡ ಸ್ಪರ್ಧೆಯಾದ ಮಿಸ್ಟರ್ ಒಲಿಂಪಿಯಾ ಗೆದ್ದವರ ಕೈಗೆ ಕೊಡುವುದು ಸ್ಯಾಂಡೋನ ಪುತ್ಥಳಿಯನ್ನೇ.

ಆಮೇಲೆ ಬಂದವನು ಸ್ಟೀವ್ ರೀವ್ಸ್, 1947ರ ಮಿಸ್ಟರ್ ಅಮೆರಿಕ, 1950ರ ಮಿಸ್ಟರ್ ಯೂನಿವರ್ಸ್. ಹಾಲಿವುಡ್ಡಿನ ದೊಡ್ಡ ನಿರ್ದೇಶಕ ಸೆಸಿಲ್ ಡಿಮಿಲ್ ತನ್ನ ಸ್ಯಾಮ್ಸನ್ ಪಾತ್ರಕ್ಕೆ ಈತನನ್ನು ನೋಡಿದ. ಸುಮಾರು 7 ಕಿಲೋ ಇಳಿಸಿಕೊಂಡು ಬಾ ಎಂದ. ದಿನವೂ ಮೈ ಬೆಳೆಸುವವನಿಗೆ ಮೈ ಇಳಿಸು ಎಂದರೆ ಹೇಗಾದೀತು! ಪಾತ್ರ ಬೇರೆಯವರ ಪಾಲಾಯಿತು. ರೀವ್ಸ್‌ಗೆ ಕಾಲ ಕೂಡಿಬಂದದ್ದು 1958ರಲ್ಲಿ, ಇಟಲಿಯವರು ತೆಗೆದ ಹರ್ಕ್ಯುಲಿಸ್ ಚಿತ್ರದಲ್ಲಿ. ಇಟಲಿಯಲ್ಲಿ ಆಗ ಚಿತ್ರೀಕರಣವಾದ ಮೇಲೆ ಎಲ್ಲರಿಗೂ ಬೇರೆಯಾಗಿ ದನಿ ಕೊಡಿಸುವುದು ವಾಡಿಕೆ. ಹಾಗಾಗಿ ರೀವ್ಸ್‌ಗೆ ಮೈ ಸಾಕಾಯಿತು, ದನಿ ಇನ್ನೊಬ್ಬರದ್ದಾಯಿತು. ಲೂ ಫೆರಿಗ್ನೋ ಎಂಬ ಚಾಂಪಿಯನ್ 1977ರಿಂದ 1982ರವರೆಗೆ ಟಿವಿಯಲ್ಲಿ ಹಸಿರು ಮೈಯ ಹಲ್ಕ್ ಆದ. ಚಿಕ್ಕಂದಿನಿಂದ ಕಿವಿ ಮಂದವಾಗಿದ್ದ ಆತನ ಪಾತ್ರಕ್ಕೆ ಮಾತೇ ಇರಲಿಲ್ಲ. ಗುಡುಗುವ ದನಿಯೂ ಬೇರೆಯವರದ್ದು. ಇಷ್ಟನ್ನೂ ಸಾಲಾಗಿ ಇಟ್ಟು ನೋಡಿದರೆ ಸಿನೆಮಾ ಇವರ ಮೈಯನ್ನು ಮಾತ್ರ ಕರೆಯಿತು, ನಾಲಿಗೆಯನ್ನು ಬಾಗಿಲಲ್ಲೇ ನಿಲ್ಲಿಸಿತು ಎಂಬುದು ಕಾಣುತ್ತದೆ.

ಅರ್ನಾಲ್ಡ್‌ನ ಮೊದಲ ಸಿನೆಮಾ 'ಹರ್ಕ್ಯುಲಿಸ್ ಇನ್ ನ್ಯೂಯಾರ್ಕ್' 1970ರಲ್ಲಿ ಬಂತು. ಅದರಲ್ಲೂ ಇದೇ ಕಥೆ. ಅವನ ಇಂಗ್ಲಿಷ್ ಯಾರಿಗೂ ತಿಳಿಯದೆಂದು ಬೇರೆಯವರಿಂದ ದನಿ ಕೊಡಿಸಿದರು. ಶ್ವಾರ್ಜನೆಗ್ಗರ್ ಎಂಬ ಹೆಸರು ಯಾರ ಬಾಯಲ್ಲೂ ತಿರುಗದೆಂದು ಟೈಟಲಿನಲ್ಲಿ 'ಅರ್ನಾಲ್ಡ್ ಸ್ಟ್ರಾಂಗ್' ಎಂದು ಹಾಕಿದರು. ದನಿಯೂ ತನ್ನದಲ್ಲ, ಹೆಸರೂ ತನ್ನದಲ್ಲ. ತೆರೆಯ ಮೇಲೆ ಉಳಿದದ್ದು ಎದೆ, ತೋಳು ಮಾತ್ರ.

ಕತ್ತರಿ ಮತ್ತೆ ಕೈಗೆ ಬಂತು

ಇಲ್ಲಿಂದ ಆತ ಹೇಗೆ ಮೇಲೆದ್ದ ಎಂಬುದೇ ನನಗೆ ಕುತೂಹಲದ ಭಾಗ. ಮೊದಲನೆಯದಾಗಿ ದುಡ್ಡು. ಇದನ್ನು ಯಾರೂ ಹೇಳುವುದಿಲ್ಲ, ಆದರೆ ನನ್ನ ಪ್ರಕಾರ ಅರ್ಧ ಉತ್ತರ ಇಲ್ಲೇ ಇದೆ. ಗೆಳೆಯ ಫ್ರಾಂಕೋ ಕೊಲಂಬು ಜೊತೆ ಸೇರಿ ಲಾಸ್ ಏಂಜಲಿಸಿನಲ್ಲಿ ಇಟ್ಟಿಗೆ ಕಟ್ಟುವ ಕೆಲಸ ಹಿಡಿದಿದ್ದ. 1971ರ ಭೂಕಂಪದಲ್ಲಿ ಗೋಡೆ, ಹೊಗೆಗೂಡುಗಳು ಉರುಳಿದ ಮೇಲೆ ಆ ಕೆಲಸ ಕೈತುಂಬ ಬಂತು. ಅಂಚೆಯ ಮೂಲಕ ವ್ಯಾಯಾಮದ ಪಾಠ ಮಾರಿದ. ಬಂದ ಹಣವನ್ನು ಬಾಡಿಗೆ ಮನೆಗಳಿಗೆ ಹಾಕಿದ. ಸಿನೆಮಾದಿಂದ ಹೊಟ್ಟೆ ಹೊರೆಯಬೇಕಾದ ಅಗತ್ಯವೇ ಇಲ್ಲದ್ದರಿಂದ, ಬಾಗಿಲಲ್ಲಿ ನಿಲ್ಲುವ ಪೈಲ್ವಾನನ ಪಾತ್ರಗಳಿಗೆ ಒಲ್ಲೆ ಎನ್ನಲು ಸಾಧ್ಯವಾಯಿತು. ಬೆಂಗಳೂರಿಗೆ ಹೋಗಿ ಗಾಂಧಿನಗರದಲ್ಲಿ ಅಲೆಯಬೇಕೆಂದಿರುವ ನಮ್ಮ ಹುಡುಗರು ಮೊದಲು ಕಲಿಯಬೇಕಾದದ್ದು ಈ 'ಒಲ್ಲೆ'ಯ ಹಿಂದಿನ ಲೆಕ್ಕವನ್ನು.

ಎರಡನೆಯದು, ಆತ ಮತ್ತೆ ಶಾಲೆಗೆ ಹೋದ. ಆರು ವರ್ಷ ಒಂದೇ ಸಮ, 1970ರಿಂದ 1975ರವರೆಗೆ, ಮಿಸ್ಟರ್ ಒಲಿಂಪಿಯಾ ಗೆದ್ದವನು ಅಭಿನಯದ ತರಗತಿಯಲ್ಲಿ ಕೂತ, ಉಚ್ಚಾರ ತಿದ್ದುವವರ ಬಳಿ ನಾಲಿಗೆ ತಿರುಗಿಸಲು ಕಲಿತ. 1976ರಲ್ಲಿ ತೆರೆಕಂಡ 'ಸ್ಟೇ ಹಂಗ್ರಿ' ಚಿತ್ರಕ್ಕಾಗಿ ಜಗತ್ತಿನಲ್ಲೇ ಹೆಸರಾದ ತನ್ನ ಮೈಯನ್ನು ಇಳಿಸಿದ. ರೀವ್ಸ್‌ನ ಕೈಯಲ್ಲಿ ಆಗದ್ದನ್ನು ಇವನು ಮಾಡಿದ. ಆ ಚಿತ್ರದಲ್ಲಿ ಅವನದು ಪಿಟೀಲು ನುಡಿಸುವ ದೇಹದಾರ್ಢ್ಯ ಪಟುವಿನ ಪಾತ್ರ. ಹೊಸ ನಟನಿಗೆ ಕೊಡುವ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಅದಕ್ಕೇ ಬಂತು. ಅದರ ಚಿತ್ರೀಕರಣ ಮುಗಿದ ಮೇಲೆ ಮತ್ತೆ ಮೈ ಬೆಳೆಸಿ 1975ರ ಒಲಿಂಪಿಯಾಕ್ಕೆ ದಕ್ಷಿಣ ಆಫ್ರಿಕಾಕ್ಕೆ ಹೋದ. ಆ ತಯಾರಿಯೇ 1977ರಲ್ಲಿ ತೆರೆಕಂಡ ಸಾಕ್ಷ್ಯಚಿತ್ರ 'ಪಂಪಿಂಗ್ ಐರನ್'ನ ವಸ್ತು. ಅದು ಶುರುವಾಗುವುದೇ ಅರ್ನಾಲ್ಡ್ ಮತ್ತು ಫ್ರಾಂಕೋ ಬ್ಯಾಲೆ ನೃತ್ಯದ ಶಿಕ್ಷಕಿಯ ಮುಂದೆ ನಿಂತು ಕೈ ಚಾಚುವುದನ್ನು ಕಲಿಯುವ ದೃಶ್ಯದಿಂದ. ಒಂದು ಭಂಗಿಯಿಂದ ಇನ್ನೊಂದು ಭಂಗಿಗೆ ಹೋಗುವ ನಡುವಿನ ದಾರಿಯೂ ಚೆಂದವಿರಬೇಕೆಂದು ಆ ಶಿಕ್ಷಕಿ ತಿದ್ದುತ್ತಾಳೆ. ನಿಂತ ಮೈಗೆ ಚಲನೆ ಬರುವುದು ಆ ನಡುವಿನಲ್ಲೇ.

1982ರ 'ಕೋನನ್ ದ ಬಾರ್ಬೇರಿಯನ್' ಹೊತ್ತಿಗೆ ಆ ಮೈಗೆ ಕತ್ತಿ ಬೀಸುವ ತಾಲೀಮು ಸೇರಿತ್ತು. ಆ ಗಾತ್ರದ ಬದಲಿ ಸಾಹಸಿಗ ಸಿಗದೆ ಹೆಚ್ಚಿನ ಸಾಹಸಗಳನ್ನು ಆತನೇ ಮಾಡಬೇಕಾಯಿತು. ಮುಂದಿನದು 1984ರ 'ಟರ್ಮಿನೇಟರ್'. ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಅವನನ್ನು ಕಂಡದ್ದು ನಾಯಕನ ಪಾತ್ರದ ಮಾತುಕತೆಗೆ. ಆ ನಾಯಕ ಬಹಳ ಮಾತಾಡುವವನು. ಮಾತುಕತೆ ಮುಗಿಯುವಷ್ಟರಲ್ಲಿ ಕ್ಯಾಮರೂನ್ ಕಣ್ಣಿಗೆ ಈತ ಕೊಲ್ಲಲು ಬರುವ ಯಂತ್ರಮಾನವನಾಗಿ ಕಂಡ. ಆ ಪಾತ್ರಕ್ಕೆ ಮಾತು ಬೆರಳೆಣಿಕೆಯಷ್ಟು. ಯಂತ್ರದ ಬಾಯಲ್ಲಿ ಬರುವ ಮಾತು ಒರಟಾಗಿದ್ದರೆ, ಅಕ್ಷರ ಅಕ್ಷರ ಒಡೆದು ಬಂದರೆ ಅದೇ ಸರಿ! ಹದಿನಾಲ್ಕು ವರ್ಷ ಹಿಂದೆ ಯಾವ ಉಚ್ಚಾರವನ್ನು ಅಳಿಸಿ ಬೇರೆಯವರ ದನಿ ಹಚ್ಚಿದ್ದರೋ ಅದೇ ಉಚ್ಚಾರ ಈಗ ಪಾತ್ರದ ಜೀವವಾಯಿತು. 'ಮತ್ತೆ ಬರುತ್ತೇನೆ' ಎಂಬರ್ಥದ ಆ ಮಾತು ಎಲ್ಲರಿಗೂ ಗೊತ್ತು. ಇಂಗ್ಲಿಷಿನಲ್ಲಿ ಎರಡು ಪದ ಕೂಡಿಸಿ ಹೇಳುವುದು ನಾಲಿಗೆಗೆ ಬಾರದೆ, ಬಿಡಿಸಿ ಹೇಳಲೇ ಎಂದು ಆತ ಕೇಳಿದ್ದ. ಕ್ಯಾಮರೂನ್ ಒಪ್ಪಲಿಲ್ಲ. ಕಷ್ಟಪಟ್ಟು ಹೇಳಿದ ಆ ರೀತಿಯೇ ಜನರ ಬಾಯಲ್ಲಿ ಉಳಿಯಿತು.

ಪ್ಯಾಂಟು ಕತ್ತರಿಸಿ ತೆಳ್ಳಗಿನ ಕಾಲನ್ನು ಎಲ್ಲರಿಗೂ ತೋರಿಸಿದವನೇ ಇವನು. ಕಾಲಿಗೆ ಮಾಡಿದ್ದನ್ನು ನಾಲಿಗೆಗೂ ಮಾಡಿದ. ಕೊರತೆಯನ್ನು ಮುಚ್ಚದೆ, ಅದು ಹೊಂದುವ ಪಾತ್ರ ಸಿಗುವವರೆಗೆ ಕಾದ. ಕಾಯುವಷ್ಟೂ ಕಾಲ ಅದರ ಮೇಲೆ ಕೆಲಸವನ್ನೂ ನಿಲ್ಲಿಸಲಿಲ್ಲ. ಹಾಗೆಂದು ತನ್ನ ಹುಟ್ಟುಭಾಷೆಯಲ್ಲಿ ಅವನಿಗೆ ದನಿ ಸಿಕ್ಕಿತೇ? ಇಲ್ಲ. ಜರ್ಮನ್ ಭಾಷೆಗೆ ಡಬ್ ಆದ ಅವನ ಹೆಚ್ಚಿನ ಚಿತ್ರಗಳಲ್ಲಿ ಮಾತಾಡಿದ್ದು ಥಾಮಸ್ ಡಾನ್ನೆಬರ್ಗ್ ಎಂಬ ಬೇರೆ ಕಲಾವಿದ. ಆಸ್ಟ್ರಿಯಾದ ಹಳ್ಳಿಯ ಜರ್ಮನ್ ಜರ್ಮನಿಯವರ ಕಿವಿಗೆ ರೈತನ ಮಾತಿನಂತೆ ಕೇಳುತ್ತದಂತೆ. ಕೊಂಕಣಿಯ ರಾಗ ಹತ್ತಿದ ಕಾರವಾರದ ಕನ್ನಡ, ಹಾಲಕ್ಕಿ ಕನ್ನಡ, ಹವ್ಯಕ ಕನ್ನಡ ಆಡುವ ನಮ್ಮ ಮಕ್ಕಳು ಬೆಂಗಳೂರಿಗೆ ಹೋದೊಡನೆ ಬಾಯಿ ಬಿಗಿಹಿಡಿಯುವುದನ್ನು ಕಂಡಿದ್ದೇನೆ. ಅವರಿಗೆ ಈ ಸಂಗತಿಯನ್ನು ಹೇಳಬೇಕೆನಿಸುತ್ತದೆ.

ಆಮೇಲಿನದನ್ನು ಎಲ್ಲರೂ ಬಲ್ಲರು. 1988ರ 'ಟ್ವಿನ್ಸ್' ಚಿತ್ರದಲ್ಲಿ ಗಿಡ್ಡ ಮೈಯ ಡ್ಯಾನಿ ಡಿವಿಟೋ ಪಕ್ಕ ಅವಳಿ ಅಣ್ಣತಮ್ಮನಾಗಿ ನಿಂತು ನಗಿಸಿದ. ಚೌಕಟ್ಟಿಗೆ ಹೊಂದದ ಗಾತ್ರವೇ ಅಲ್ಲಿ ಹಾಸ್ಯದ ಬಂಡವಾಳ. 2003ರಿಂದ 2011ರವರೆಗೆ ಕ್ಯಾಲಿಫೋರ್ನಿಯದ ಗವರ್ನರ್ ಆದ. ದನಿ ಕಸಿದುಕೊಂಡು ಶುರುವಾದ ಬದುಕು ಮಾತೇ ಮುಖ್ಯವಾದ ಹುದ್ದೆಗೆ ಹೋಗಿ ಮುಟ್ಟಿತು.

ನಮ್ಮ ನೆಲದಲ್ಲಿ

ಇದನ್ನೆಲ್ಲ ಓದಿ ತಿಳಿಯುವ ಹೊತ್ತಿಗೆ ನನಗೆ ಪದೇ ಪದೇ ನೆನಪಾದದ್ದು ನಮ್ಮ ಯಕ್ಷಗಾನ. ಅಲ್ಲಿ ದಾರಿ ಪೂರ್ತಿ ತಿರುಗುಮುರುಗು. ದೇಹದಾರ್ಢ್ಯದ ಪಟು ಬಟ್ಟೆ ಕಳಚುತ್ತ, ಕೊಬ್ಬು ಕಳಚುತ್ತ, ಕೊನೆಗೆ ನೀರನ್ನೂ ಕಳಚಿ ವೇದಿಕೆಗೆ ಬರುತ್ತಾನೆ. ಯಕ್ಷಗಾನದ ವೇಷಧಾರಿ ಚೌಕಿಯಲ್ಲಿ ಒಂದೊಂದಾಗಿ ಏರಿಸಿಕೊಳ್ಳುತ್ತ ಹೋಗುತ್ತಾನೆ: ಬಣ್ಣ, ದಗಲೆ, ಎದೆಕಟ್ಟು, ಭುಜಕೀರ್ತಿ, ಮುಂಡಾಸು, ಗೆಜ್ಜೆ. ಹಗಲು ಅಡಕೆ ತೋಟದಲ್ಲಿ ಕಂಡ ಸಣಕಲು ಮನುಷ್ಯ ರಾತ್ರಿ ರಂಗಸ್ಥಳಕ್ಕೆ ಬಂದಾಗ ದೈತ್ಯ. ಹೊನ್ನಾವರ ಸೀಮೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು, ಭಸ್ಮಾಸುರನನ್ನು ನೋಡಿದವರು ನಮ್ಮಲ್ಲಿ ಸಾವಿರಾರು ಜನ ಇದ್ದಾರೆ. ಅವರು ಆಳಿನಲ್ಲಿ ದೈತ್ಯರಾಗಿರಲಿಲ್ಲ. ಆದರೆ ಕೀಚಕ ಕಾಲಿಟ್ಟರೆ ರಂಗಸ್ಥಳ ಇಕ್ಕಟ್ಟೆನಿಸುತ್ತಿತ್ತು. ಆ ಗಾತ್ರ ಬಂದದ್ದು ಕಣ್ಣಿನಿಂದ, ಹೆಜ್ಜೆಯಿಂದ.

ತಾಳಮದ್ದಳೆಯಲ್ಲಂತೂ ವೇಷವೂ ಇಲ್ಲ, ಹೆಜ್ಜೆಯೂ ಇಲ್ಲ. ಪಂಚೆ, ಶಲ್ಯದಲ್ಲಿ ಕೂತ ಅರ್ಥಧಾರಿ ಭಾಗವತರ ಪದ್ಯ ಮುಗಿದೊಡನೆ ಬಾಯಿ ತೆರೆದರೆ ಅವನೇ ಭೀಮ, ಅವನೇ ಕೌರವ. ಶಿರಸಿ, ಸಿದ್ದಾಪುರದ ಕಡೆ ಮಳೆಗಾಲದ ರಾತ್ರಿಗಳಲ್ಲಿ ಹೀಗೆ ಕೂತಲ್ಲೇ ಕುರುಕ್ಷೇತ್ರ ನಡೆದದ್ದನ್ನು ನಾನು ಕೇಳಿದ್ದೇನೆ. ಸ್ಯಾಂಡೋ, ರೀವ್ಸ್ ಎಂಬವರು ಮಾತಿಲ್ಲದ ಮೈಗಳಾದರೆ ಇವರು ಮೈ ಬೇಡದ ಮಾತು. ನಟನೆ ಈ ಎರಡರ ನಡುವೆ ಎಲ್ಲೋ ಇದೆ.

ಎರಡನ್ನೂ ಒಂದೇ ಬಾಳಿನಲ್ಲಿ ಕೂಡಿಸಿದವರು ಕನ್ನಡದಲ್ಲಿ ಒಬ್ಬರಿದ್ದರು. ಕೆ.ವಿ. ಅಯ್ಯರ್. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು, ಅಂಚೆಯ ಮೂಲಕ ದೂರದೂರಿನವರಿಗೂ ಅಂಗಸಾಧನೆಯ ಪಾಠ ಕಳಿಸಿದರು. 1930ರ ದಶಕದಲ್ಲಿ ಅವರ ಮೈಕಟ್ಟಿನ ಚಿತ್ರಗಳು ಹೆಸರಾಗಿದ್ದವು. ಕೈಲಾಸಂ ಅವರ ಒಡನಾಡಿ, ನಾಟಕದ ಗೀಳಿನವರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದದ್ದೂ ಅದೇ ಕೈ. ಇವತ್ತಿನ ಜಿಮ್ಮಿನ ಗೋಡೆಗಳ ಮೇಲೆ ಹೊರದೇಶದವರ ಪೋಸ್ಟರಿನ ಪಕ್ಕ ಅವರದ್ದೂ ಒಂದು ಚಿತ್ರ ಇರಬೇಕಿತ್ತು ಎಂಬುದು ನನ್ನ ಆಸೆ.

ಸಿನೆಮಾ ಎಂದರೆ ನಮ್ಮ ಜಿಲ್ಲೆಗೆ ಶಂಕರ್‌ನಾಗ್. ಹೊನ್ನಾವರ ಕಡೆಯವರು, ಮುಂಬೈಯ ರಂಗಭೂಮಿಯಿಂದ ಬಂದವರು. 1978ರ 'ಒಂದಾನೊಂದು ಕಾಲದಲ್ಲಿ' ಚಿತ್ರದಲ್ಲಿ ಬಾಡಿಗೆಗೆ ಕಾದುವ ಯೋಧನ ಪಾತ್ರ. ಅದನ್ನು ನಿರ್ದೇಶಿಸಿದ ಗಿರೀಶ ಕಾರ್ನಾಡರು ಶಿರಸಿಯಲ್ಲಿ ಬಾಲ್ಯ ಕಳೆದವರು. ಕತ್ತಿ ಹಿಡಿದ ಶಂಕರ್‌ನಾಗ್‌ರದ್ದು ತೆಳ್ಳಗಿನ, ಚುರುಕು ಮೈ. ಕೋನನ್ ಕತ್ತಿ ಹಿಡಿಯುವುದಕ್ಕೆ ನಾಲ್ಕು ವರ್ಷ ಮೊದಲೇ ಆ ಪಾತ್ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ತರುವ ದಾರಿ ಹಿಡಿದಿತ್ತು. ಯೋಧ ಎಂದು ನಂಬಿಸಲು ಎಷ್ಟು ಸ್ನಾಯು ಬೇಕು ಎಂದು ಕೇಳುವ ಹುಡುಗರಿಗೆ ಆ ಚಿತ್ರ ನೋಡಿ ಬನ್ನಿ ಎನ್ನುತ್ತೇನೆ.

ಒಂದು ಮಾತನ್ನು ಮುಚ್ಚಿಡಲಾರೆ. ಅರ್ನಾಲ್ಡ್ ತನ್ನ ಕಾಲದಲ್ಲಿ ಸ್ಟೀರಾಯ್ಡ್ ಬಳಸಿದ್ದನ್ನು ತಾನೇ ಒಪ್ಪಿಕೊಂಡಿದ್ದಾನೆ. ಆಗ ಅದು ಕಾನೂನಿಗೆ ವಿರುದ್ಧವಾಗಿರಲಿಲ್ಲ. ಈಗ ಅವು ಮಾಡುವ ಹಾನಿ ತಿಳಿದಿದೆ. ಹೊರಗಿನಿಂದ ಹಾರ್ಮೋನು ಬಂದರೆ ದೇಹ ತಾನು ಮಾಡುವುದನ್ನು ನಿಲ್ಲಿಸುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ, ಯಕೃತ್ತು ಕೆಡುತ್ತದೆ. ಕೆಲವು ವರ್ಷಗಳ ಹಿಂದೆ ನನ್ನ ಇನ್ನೊಬ್ಬ ವಿದ್ಯಾರ್ಥಿಗೆ ಜಿಮ್ಮಿನಲ್ಲಿ ಯಾರೋ ಹೆಸರು ಹಚ್ಚದ ಸೀಸೆಯ ಮದ್ದು ಚುಚ್ಚಿದ್ದರು. ಇಪ್ಪತ್ತಮೂರಕ್ಕೇ ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದಾನೆ. ಅವನ ತಾಯಿ ಕುಮಟಾ ಬಸ್ ನಿಲ್ದಾಣದಲ್ಲಿ ಸಿಕ್ಕು, "ಮಾಸ್ತರೇ, ನೀವಾದ್ರೂ ಹೇಳ್ಬೇಕಿತ್ತು" ಎಂದದ್ದು ಇನ್ನೂ ಕಿವಿಯಲ್ಲಿದೆ. ಆದ್ದರಿಂದ ಈಗ ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಬೈತಖೋಲದ ಹುಡುಗನನ್ನು ನಾನು ಪರಿಚಯದ ಒಂದು ಹವ್ಯಾಸಿ ನಾಟಕ ತಂಡಕ್ಕೆ ಕರೆದುಕೊಂಡು ಹೋದೆ. ತಾಲೀಮು ನಡೆಯುವುದು ಶಾಲೆಯೊಂದರ ಹಜಾರದಲ್ಲಿ. ತಂಡ ನಡೆಸುವವರು ನಿವೃತ್ತ ಶಿಕ್ಷಕಿ, ಎಲ್ಲರ ಬಾಯಲ್ಲೂ ಅವರು ಅಕ್ಕೋರು. ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ಮೂಲೆಯಲ್ಲಿದ್ದ ತಾಮ್ರದ ಕೊಡವನ್ನು ತೋರಿಸಿದರು. ಖಾಲಿ ಕೊಡ.

"ಇದ್ರ ತುಂಬ ನೀರಿದೆ. ಬಾವಿಕಟ್ಟೆಯಿಂದ ಮನೆಗೆ ತಗಂಡು ಹೋಗು."

ಅವನು ಒಂದೇ ಕೈಯಲ್ಲಿ ಕೊಡ ಎತ್ತಿ, ಎದೆ ಸೆಟೆಸಿ, ಹಜಾರದ ಆ ತುದಿಗೆ ನಡೆದ. ಕೂತಿದ್ದ ಚಿಕ್ಕ ಹುಡುಗಿಯರು ಕಿಸಕ್ಕೆಂದರು. "ಕೊಡ ಖಾಲಿ ಇದೆ" ಎಂದರು ಅಕ್ಕೋರು. ಎರಡನೆಯ ಸಲ ಭಾರವೆಂದು ತೋರಿಸಲು ಹಲ್ಲು ಕಚ್ಚಿ, ಕತ್ತಿನ ನರ ಉಬ್ಬಿಸಿದ. "ಈಗ ಕಲ್ಲು ತುಂಬಿದೆ. ನೀರು ತುಳುಕ್ತದೆ, ಮಾರಾಯಾ." ಜಿಮ್ಮಿನಲ್ಲಿ ನೂರೈವತ್ತು ಕಿಲೋ ಎತ್ತುವವನ ಹಣೆಯಲ್ಲಿ ಬೆವರು ಮೂಡಿತು. ಏಳನೆಯದೋ ಎಂಟನೆಯದೋ ಸಲ ಅವನು ಕೊಡವನ್ನು ಸೊಂಟಕ್ಕೆ ಆನಿಸಿಕೊಂಡ. ಒಂದು ಬದಿಗೆ ಸ್ವಲ್ಪ ಬಾಗಿ, ಹೆಜ್ಜೆಯನ್ನು ಗಿಡ್ಡ ಮಾಡಿ ನಡೆದ. ಮನೆಯಲ್ಲಿ ಅವ್ವ ನಡೆಯುವ ಹಾಗೆ. ಅರ್ಧ ಹಜಾರ ದಾಟುವಾಗ ಅವನ ಇನ್ನೊಂದು ಕೈ ತಾನಾಗಿ ಮೇಲೆದ್ದು ಕೊಡದ ಬಾಯನ್ನು ಮುಚ್ಚಿತು.

"ಹಾಂ, ನೀರು ಬಂತು" ಎಂದರು ಅಕ್ಕೋರು. "ಇನ್ನು ಅದನ್ನ ಇಳಿಸಿ, ಒಳಗೆ ಯಾರಿದ್ದಾರೆ ಅಂತ ಕೂಗು."